ರಾಕೆಟ್ಟಿನ ಶ್ರುತಿ

ನಾನು ಟೆನಿಸ್ ಆಡುತ್ತೇನೆಂದರೆ ನಮ್ಮ ಕೋರ್ಟಿನ ಮಂದಿ ಒಪ್ಪಲಾರರು. ಆಡುವುದಿಲ್ಲವೆಂದರೆ ನನ್ನ ಮನೆಯಾಕೆ ಒಪ್ಪಲಾರಳು. ಎರಡು ಕೋಣೆಯ ನಮ್ಮ ಬಾಡಿಗೆ ಮನೆಯಲ್ಲಿ ಕಪಾಟಿನ ನೆತ್ತಿಯ ಮೇಲೆ ಎರಡು, ಬಾಗಿಲ ಮರೆಗೆ ಒಂದು, ಮಂಚದ ಕೆಳಗೆ ಒಂದು, ಹೀಗೆ ನಾಲ್ಕು ರಾಕೆಟ್ಟುಗಳು ಬಿಡಾರ ಹೂಡಿರುವಾಗ ಆಕೆ ಒಪ್ಪುವುದಾದರೂ ಹೇಗೆ? ಸತ್ಯ ಈ ಎರಡರ ನಡುವೆ ಎಲ್ಲಿಯೋ ಇದೆ. ವಾರಕ್ಕೆ ಎರಡು ದಿನ ಬೆಳಗಿನ ಆರು ಗಂಟೆಗೆ ಕೆಮ್ಮಣ್ಣಿನ ಕೋರ್ಟಿಗೆ ಹೋಗಿ ಚೆಂಡಿನ ಹಿಂದೆ ಓಡಾಡಿ ಬರುತ್ತೇನೆ. ಉಳಿದ ಐದು ದಿನ ರಾತ್ರಿ ಊಟವಾದ ಮೇಲೆ ರಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತೇನೆ. ಆ ಓಟಕ್ಕಿಂತ ಈ ಕೂಡುವುದರಲ್ಲಿಯೇ ನನಗೆ ಹೆಚ್ಚು ಸುಖ. ಇದನ್ನು ಮುಚ್ಚಿಡುವುದೇಕೆ?

ಟೆನಿಸ್ಸಿನ ಗೊಡವೆಯಿಲ್ಲದ ವಾಚಕರಿಗಾಗಿ ಒಂದೆರಡು ಮಾತು ಹೇಳಬೇಕು. ಈಗಿನ ರಾಕೆಟ್ಟು ಇಪ್ಪತ್ತೇಳು ಅಂಗುಲ ಉದ್ದ, ಸುಮಾರು ೩೦೦ ಗ್ರಾಂ ತೂಕ. ಅದರ ಮುಖಕ್ಕೆ ಸಾಮಾನ್ಯವಾಗಿ ಉದ್ದಕ್ಕೆ ೧೬, ಅಡ್ಡಕ್ಕೆ ೧೯ ಎಳೆಯಾಗಿ ತಂತಿ ಹೆಣೆದಿರುತ್ತಾರೆ. ಒಂದು ರಾಕೆಟ್ಟಿಗೆ ಹನ್ನೆರಡು ಮೀಟರಿನಷ್ಟು ತಂತಿ ಬೇಕು. ಅಂಗಡಿಗಳಲ್ಲಿ ಈ ಹೆಣಿಗೆಗೆ ‘ಗಟಿಂಗ್’ ಎನ್ನುತ್ತಾರೆ. ಗಟ್ ಎಂದರೆ ಕರುಳು. ಹಿಂದೆ ಕುರಿಯ ಕರುಳು, ಆಮೇಲೆ ಹಸುವಿನ ಕರುಳು ತಂತಿಯಾಗುತ್ತಿತ್ತು. ಈಗಲೂ ಎಲ್ಲಕ್ಕಿಂತ ಉತ್ತಮವಾದದ್ದೂ ದುಬಾರಿಯಾದದ್ದೂ ಅದೇ. ನಮ್ಮತ್ತೆಯವರು ವರ್ಷಕ್ಕೆ ನಾಲ್ಕು ತಿಂಗಳು ನಮ್ಮಲ್ಲಿಯೇ ಇರುವುದರಿಂದ ಆ ಪ್ರಯೋಗವನ್ನು ನಾನು ಮಾಡಿಲ್ಲ. ನನಗೆ ಪಾಲಿಯೆಸ್ಟರಿನ ತಂತಿಯೇ ಗತಿ.

ಇನ್ನು ಈ ತಂತಿಯನ್ನು ಎಷ್ಟು ಬಿಗಿಯಬೇಕು? ಐವತ್ತು ಪೌಂಡೋ, ಐವತ್ತೈದೋ, ನಲವತ್ತಾರೋ? ಸಡಿಲ ಬಿಟ್ಟರೆ ಚೆಂಡು ಚಿಮ್ಮಿ ಗೆರೆಯಾಚೆ ಹೋಗುತ್ತದೆ. ಬಿಗಿದರೆ ಮಾತು ಕೇಳುತ್ತದೆ, ಆದರೆ ಪೆಟ್ಟು ಮೊಣಕೈಗೆ ಬರುತ್ತದೆ. ಬಿಗಿದ ಮರುದಿನವೇ ತಂತಿ ತಾನಾಗಿ ಸಡಿಲಾಗತೊಡಗುತ್ತದೆ ಎಂಬುದು ಇದಕ್ಕೆ ಮೇಲಿನ ತೊಡಕು. ಆಮೇಲೆ ಹಿಡಿಯ ದಪ್ಪ. ಒಂದು ಅಳತೆಗೂ ಮುಂದಿನದಕ್ಕೂ ಅಂಗುಲದ ಎಂಟನೆಯ ಒಂದು ಭಾಗ ಮಾತ್ರ ವ್ಯತ್ಯಾಸ. ಆದರೆ ಅಂಗೈಗೆ ಅದು ಪರವೂರಿನಷ್ಟು ಬೇರೆಯಾಗಿ ತೋರುತ್ತದೆ. ಆಮೇಲೆ ಸೀಸದ ಪಟ್ಟಿ. ಕಾಲಂಗುಲ ಅಗಲದ ಅಂಟುಪಟ್ಟಿಯನ್ನು ನಾಲ್ಕು ಅಂಗುಲ ಕತ್ತರಿಸಿದರೆ ಒಂದು ಗ್ರಾಮಿನಷ್ಟು ತೂಗುತ್ತದೆ. ಅದನ್ನು ರಾಕೆಟ್ಟಿನ ಮುಖದ ಎರಡು ಕೆನ್ನೆಗಳಿಗೆ ಹಚ್ಚಿದರೆ ಚೆಂಡು ಓರೆಗೆ ಬಿದ್ದಾಗ ರಾಕೆಟ್ಟು ಕೈಯಲ್ಲಿ ತಿರುಚಿಕೊಳ್ಳುವುದು ಕಡಮೆಯಾಗುತ್ತದೆ. ನೆತ್ತಿಗೆ ಹಚ್ಚಿದರೆ ಏಟಿಗೆ ಭಾರ ಬರುತ್ತದೆ. ಹಿಡಿಯೊಳಗೆ ಹಚ್ಚಿದರೆ ತೂಕ ಹೆಚ್ಚಿದರೂ ತಲೆ ಹಗುರವೆನಿಸುತ್ತದೆ. ಒಂದು ಗ್ರಾಂ ಇಲ್ಲಿಂದ ತೆಗೆದು ಅಲ್ಲಿ ಇಡುವುದು, ಪೆನ್ಸಿಲಿನ ಮೇಲೆ ರಾಕೆಟ್ಟನ್ನು ಅಡ್ಡವಿಟ್ಟು ಎಲ್ಲಿ ಸಮತೂಗುತ್ತದೆಂದು ಗುರುತು ಮಾಡುವುದು, ಮತ್ತೆ ತೆಗೆಯುವುದು—ಹೀಗೆ ಹನ್ನೊಂದು ಗಂಟೆಯಾಗಿಬಿಡುತ್ತದೆ.

ಇಷ್ಟಕ್ಕೂ ಚೆಂಡು ತಂತಿಯ ಮೇಲೆ ನಿಲ್ಲುವುದು ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ!

ತೂಗುವುದಕ್ಕೆ ನಾನು ಬಳಸುವುದು ಅಡಿಗೆಮನೆಯ ತಕ್ಕಡಿ. ದೀಪಾವಳಿಯ ಉಂಡಿಗೆಂದು ನಮ್ಮಾಕೆ ತಂದದ್ದು. ಬ್ಯಾಟರಿಯದು, ಒಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುತ್ತದೆ. ಒಂದು ರಾತ್ರಿ ಅದು ಕಾಣದಾದಾಗ ಆಕೆ ಹೊರಗೆ ಬಂದು ನೋಡಿದಳು.

“ಏನ್ರೀ, ಮತ್ತ ತೂಗಲಿಕ್ಕೆ ಹತ್ತೀರೇನು? ಹ್ವಾದ ವಾರ ಇದ್ದಷ್ಟ ಇರ್ತದಲ್ಲ, ಅದೇನು ಕೂಸೇ ಬೆಳೀಲಿಕ್ಕೆ?”

“ಎರಡು ಗ್ರಾಂ ಕೂಡಿಸೇನಿ.”

“ಎಲ್ಲೆ ಕೂಡಿಸಿದ್ರೂ ಚೆಂಡು ಬೀಳೂದು ಬಲಿಯೊಳಗನ ಅಲ್ಲೇನು?”

ಧಾರವಾಡದ ಹೆಣ್ಣುಮಗಳ ಬಾಯಿಗೆ ಉತ್ತರ ಕೊಡುವ ತಂತಿಯನ್ನು ಇನ್ನೂ ಯಾರೂ ತಯಾರಿಸಿಲ್ಲ. ೨೦೨೪ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ನಲವತ್ತಮೂರನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯದ ಡಬಲ್ಸ್ ಪ್ರಶಸ್ತಿ ಗೆದ್ದಾಗ ಮನೆಮಂದಿಯೆಲ್ಲ ಕೂತು ನೋಡಿದೆವು. ಸುತ್ತಮುತ್ತಲಿನ ಎರಡು ಕನ್ನಡ ಸಂಸಾರಗಳೂ ಬಂದಿದ್ದವು. ಅವಲಕ್ಕಿ, ಚಹಾ ಎಲ್ಲ ಆಯಿತು. ಪರದೆಯ ಮೇಲೆ ಆತನ ರಾಕೆಟ್ಟು ಹತ್ತಿರದಿಂದ ಕಂಡಾಗ ನಾನು ಎದ್ದುಹೋಗಿ ತಂತಿಯ ಹೆಣಿಗೆ ಎಂಥದೆಂದು ಎಣಿಸತೊಡಗಿದೆ. ಆಗ ಬಂದವರೆಲ್ಲರ ಎದುರಿಗೆ ಆಕೆ ಹೇಳಿದ ಮಾತಿದು: “ನಿಮ್ಮ ರಾಕೆಟ್ಟು ಬೋಪಣ್ಣನ ಕೈಯಾಗ ಕೊಟ್ರ ಅದು ಆಡ್ತದ. ಬೋಪಣ್ಣನ ರಾಕೆಟ್ಟು ನಿಮ್ಮ ಕೈಯಾಗ ಕೊಟ್ರ ನೀವು ಅದನ್ನ ತೂಗ್ತೀರಿ.”

ಬಂದವರು ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿಯೇ ಇತ್ತು.

ಆದರೆ ನನ್ನ ಪಕ್ಷವೂ ಅಷ್ಟೇನೂ ಬಡವಲ್ಲ. ಫ್ರಾನ್ಸಿನ ರೆನೆ ಲಾಕೋಸ್ತ್ ೧೯೨೦ರ ದಶಕದಲ್ಲಿ ಜಗತ್ತನ್ನೇ ಗೆದ್ದ ಆಟಗಾರ. ಅಂಗಿಯ ಮೇಲಿನ ಮೊಸಳೆಯಿಂದ ಇಂದು ಎಲ್ಲರಿಗೂ ಪರಿಚಿತ. ಆತನ ಕೈಯೂ ಸುಮ್ಮನಿರುವ ಕೈಯಲ್ಲ. ತಾನಾಗಿ ಚೆಂಡೆಸೆಯುವ ಯಂತ್ರ ಮಾಡಿದ. ಎಲ್ಲರೂ ಕಟ್ಟಿಗೆಯ ರಾಕೆಟ್ಟು ಹಿಡಿದಿದ್ದಾಗ ಉಕ್ಕಿನ ಕೊಳವೆಯ ರಾಕೆಟ್ಟು ಮಾಡಿ ೧೯೫೩ರಲ್ಲಿ ಪೇಟೆಂಟು ಪಡೆದ. ಅದನ್ನೇ ಹಿಡಿದು ಜಿಮ್ಮಿ ಕಾನರ್ಸ್ ಮುಂದೆ ಎಷ್ಟೋ ವರ್ಷ ಆಡಿದ. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ೧೯೭೬ರಿಂದ ೧೯೮೦ರವರೆಗೆ ಸತತ ಐದು ಸಲ ವಿಂಬಲ್ಡನ್ ಗೆದ್ದವನು. ಆತನ ಕಟ್ಟಿಗೆಯ ರಾಕೆಟ್ಟಿಗೆ ತಂತಿಯ ಬಿಗುವು ಎಂಬತ್ತು ಪೌಂಡಿನ ಆಸುಪಾಸು! ಹೋಟೆಲಿನ ಕೋಣೆಯಲ್ಲಿ ನಡುರಾತ್ರಿ ತಂತಿಗಳು ತಾವಾಗಿಯೇ ಟಪ್ಪೆಂದು ಹರಿಯುತ್ತಿದ್ದವಂತೆ. ಆತನೂ ಆತನ ತರಬೇತಿಗಾರನೂ ಒಂದಕ್ಕೊಂದು ರಾಕೆಟ್ಟು ತಟ್ಟಿ, ಹೊರಡುವ ನಾದ ಕೇಳಿ, ಆ ದಿನಕ್ಕೆ ಯಾವುದು ಸರಿಯೆಂದು ಆರಿಸುತ್ತಿದ್ದರು. ರೋಜರ್ ಫೆಡರರನು ಹದಿನೇಳು ದೊಡ್ಡ ಪ್ರಶಸ್ತಿಗಳನ್ನು ಗೆದ್ದ ಮೇಲೆಯೂ ೨೦೧೪ರಲ್ಲಿ, ಮೂವತ್ತೆರಡು ದಾಟಿದ ಮೇಲೆ, ರಾಕೆಟ್ಟಿನ ಮುಖವನ್ನು ದೊಡ್ಡದು ಮಾಡಿಕೊಂಡ.

“ಅವರು ಆಡಿ ತಿದ್ದಿದರು, ನೀವು ತಿದ್ದುತ್ತಲೇ ಇದ್ದೀರಿ” ಎನ್ನಬಹುದು ನೀವು. ತಾಳಿರಿ, ನನ್ನ ಮುಖ್ಯ ಸಾಕ್ಷಿಯನ್ನು ಇನ್ನೂ ಕರೆದಿಲ್ಲ.

ಅಮೆರಿಕದಲ್ಲಿ ಹೊವರ್ಡ್ ಹೆಡ್ ಎಂಬೊಬ್ಬ ಇಂಜಿನಿಯರ್. ಮೊದಲು ವಿಮಾನದ ಕಾರಖಾನೆಯಲ್ಲಿದ್ದ. ಹಿಮದ ಮೇಲೆ ಜಾರುವ ಕಟ್ಟಿಗೆಯ ಸ್ಕೀ ಹಲಗೆಗಳು ಒಗ್ಗದೆ, ವಿಮಾನಕ್ಕೆ ಬಳಸುವ ಲೋಹದಿಂದ ಹೊಸ ಹಲಗೆ ಮಾಡಿ ಅದರಲ್ಲಿಯೇ ಶ್ರೀಮಂತನಾದ. ೧೯೬೯ರಲ್ಲಿ ಆ ವ್ಯಾಪಾರ ಮಾರಿ, ಇನ್ನು ಟೆನಿಸ್ ಕಲಿಯೋಣವೆಂದು ಹೊರಟ. ವಯಸ್ಸು ಐವತ್ತೈದರ ಸುಮಾರು. ಎಷ್ಟು ಪಾಠವಾದರೂ ಆಟ ಹತ್ತಲೊಲ್ಲದು. ಚೆಂಡೆಸೆಯುವ ಯಂತ್ರ ಕೊಂಡ. ಇನ್ನು ಇದರೆದುರು ದಿನವೂ ನಿಂತು ಅಭ್ಯಾಸ ಮಾಡಿದನೆಂದು ತಿಳಿದಿರಾ? ಇಲ್ಲ, ಆ ಯಂತ್ರವನ್ನೇ ಬಿಚ್ಚಿ ಸುಧಾರಿಸಲು ಕುಳಿತ! ಅದನ್ನು ಮಾಡುತ್ತಿದ್ದ ಪ್ರಿನ್ಸ್ ಕಂಪನಿಯೊಳಗೇ ಸೇರಿಕೊಂಡ. ಆಮೇಲೆ ಅವನ ದೃಷ್ಟಿ ರಾಕೆಟ್ಟಿನ ಮೇಲೆ ಬಿತ್ತು. ಚೆಂಡು ನಟ್ಟನಡುವೆ ಬೀಳದೆ ಓರೆಗೆ ಬಿದ್ದಾಗ ರಾಕೆಟ್ಟು ತಿರುಚುತ್ತದೆಯಲ್ಲ, ಅದನ್ನು ತಡೆಯುವುದು ಹೇಗೆ? ಅಗಲ ಮಾಡಿದರಾಯಿತು, ಅಂಚಿನ ತೂಕ ನಡುಗೆರೆಯಿಂದ ದೂರ ಸರಿದಷ್ಟೂ ತಿರುಚುವಿಕೆಗೆ ತಡೆ ದೂರದ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ೧೯೭೬ರಲ್ಲಿ ಅವನ ದೊಡ್ಡಮುಖದ ರಾಕೆಟ್ಟು ಅಂಗಡಿಗೆ ಬಂತು. ಬಲ್ಲವರು ನಕ್ಕರು. ೧೯೭೮ರಲ್ಲಿ ಪ್ಯಾಮ್ ಶ್ರೈವರ್ ಎಂಬ ಹದಿನಾರರ ಹುಡುಗಿ ಅದನ್ನೇ ಹಿಡಿದು ಅಮೆರಿಕದ ಪಂದ್ಯಾವಳಿಯ ಅಂತಿಮ ಸುತ್ತಿಗೆ ಹೋದಳು. ಆಮೇಲೆ ನಗು ನಿಂತಿತು. ಇಂದು ಜಗತ್ತಿನಲ್ಲಿ ಯಾರ ಕೈಯಲ್ಲಿಯೂ ಹಳೆಯ ಸಣ್ಣಮುಖದ ರಾಕೆಟ್ಟಿಲ್ಲ. ಆಟ ಬಾರದ ಒಬ್ಬ ಗೃಹಸ್ಥ ಸುಮ್ಮನೆ ಕೂಡಲಾರದೆ ಮಾಡಿದ ಕೆಲಸವಿದು. ಅವನು ನೆಟ್ಟಗೆ ಆಟ ಕಲಿತುಬಿಟ್ಟಿದ್ದರೆ ಲೋಕಕ್ಕೆ ಎಂಥ ನಷ್ಟವಾಗುತ್ತಿತ್ತು!

ಸರಕಾರಿ ಕಾರಕೂನನಾದ ನನಗೆ ಇನ್ನೊಂದು ಸಂಗತಿ ಬಹಳ ರುಚಿಸುತ್ತದೆ. ೧೮೭೭ರಲ್ಲಿ ಮೊದಲ ವಿಂಬಲ್ಡನ್ ನಡೆದಲ್ಲಿಂದ ಸರಿಯಾಗಿ ನೂರು ವರ್ಷ ಈ ಆಟದ ನಿಯಮಾವಳಿಯಲ್ಲಿ ರಾಕೆಟ್ ಎಂದರೇನೆಂಬ ವ್ಯಾಖ್ಯೆಯೇ ಇರಲಿಲ್ಲ. ಚೆಂಡಿಗೆ ಅಳತೆಯುಂಟು, ಬಲೆಗೆ ಎತ್ತರವುಂಟು, ರಾಕೆಟ್ಟಿಗೆ ಏನೂ ಇಲ್ಲ. ಬೇಕಾದರೆ ಬಾಣಲೆ ಹಿಡಿದು ಬಂದರೂ ತಡೆಯುವ ಕಲಮು ಇರಲಿಲ್ಲ. ಜರ್ಮನಿಯ ವೆರ್ನರ್ ಫಿಶರ್ ಎಂಬಾತ ಎರಡು ಪದರ ತಂತಿ ಹಾಕಿ, ನಡುನಡುವೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಶಾವಿಗೆಯ ಹಾಗೆ ಕಾಣುವ ಒಂದು ರಾಕೆಟ್ಟು ಕಟ್ಟಿದ. ಅದರಿಂದ ಹೊಡೆದ ಚೆಂಡು ಬುಗುರಿಯ ಹಾಗೆ ಸುತ್ತಿ ಎತ್ತಲೋ ನೆಗೆಯುತ್ತಿತ್ತು. ೧೯೭೭ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಒಂದು ಊರಿನಲ್ಲಿ ಇಲೀ ನಸ್ತಾಸೆ ಇಂಥ ರಾಕೆಟ್ಟು ಹಿಡಿದು ಗಿಯೆರ್ಮೊ ವಿಲಾಸನ ಎದುರು ನಿಂತ. ಮಣ್ಣಿನ ಅಂಗಳದಲ್ಲಿ ಐವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಸೋಲಿಲ್ಲದೆ ಗೆದ್ದು ಬಂದಿದ್ದ ವಿಲಾಸ ಎರಡು ಸೆಟ್ ಸೋತು, ಸಿಟ್ಟಿನಿಂದ ಹೊರಟೇಹೋದ. ಆಗ ಮೇಲಿನವರು ಎಚ್ಚತ್ತರು, ನಿಷೇಧ ಹೊರಟಿತು, ಮರುವರ್ಷ ರಾಕೆಟ್ಟಿಗೊಂದು ವ್ಯಾಖ್ಯೆ ಹುಟ್ಟಿತು. ಯಾವ ಕಚೇರಿಯಲ್ಲಿಯೂ ಸುತ್ತೋಲೆ ಹುಟ್ಟುವ ರೀತಿ ಇದೇ ಅಲ್ಲವೇ?

ಕೋರ್ಟಿನಲ್ಲಿ ನಮ್ಮೊಡನೆ ಆಡುವ ಒಬ್ಬ ತರುಣ ಇಂಜಿನಿಯರ್ ಇದ್ದಾನೆ. ಓದಿದವನು, ಸ್ವಲ್ಪ ನಿರ್ದಯಿ. ಸಿಡ್ನಿಯ ಭೌತವಿಜ್ಞಾನಿ ರಾಡ್ ಕ್ರಾಸ್ ಮತ್ತು ಅವರ ಸಂಗಡಿಗರು ನಡೆಸಿದ ಪರೀಕ್ಷೆಯೊಂದನ್ನು ಆತ ನನಗೆ ತೋರಿಸಿದ. ನುರಿತ ಆಟಗಾರರ ಕೈಗೇ ಬೇರೆ ಬೇರೆ ಬಿಗುವಿನ ರಾಕೆಟ್ಟು ಕೊಟ್ಟು, ಯಾವುದು ಬಿಗಿ, ಯಾವುದು ಸಡಿಲ ಎಂದು ಕೇಳಿದರಂತೆ. ಹತ್ತು ಪೌಂಡಿನಷ್ಟು ಅಂತರವಿದ್ದಾಗಲೂ ಹೆಚ್ಚಿನವರಿಗೆ ಅದು ತಿಳಿಯಲೇ ಇಲ್ಲ! “ನೀವು ಒಂದು ಪೌಂಡಿಗಾಗಿ ಗಟಿಂಗ್ ಬದಲಾಯಿಸುತ್ತೀರಲ್ಲ” ಎಂದು ಆತ ನಕ್ಕ. ತಂತಿಯ ಬುಡದಲ್ಲಿ ಸಿಕ್ಕಿಸುವ ಪುಟ್ಟ ರಬ್ಬರಿನ ಗುಂಡಿಯಿಂದಲೂ ಸದ್ದು ಅಡಗುತ್ತದೆಯೇ ಹೊರತು ಮೊಣಕೈಗೆ ಯಾವ ಉಪಕಾರವೂ ಇಲ್ಲವೆಂದು ಅದೇ ಉಸಿರಿನಲ್ಲಿ ಹೇಳಿದ. ಇರಬಹುದು. ವಿಜ್ಞಾನದೊಡನೆ ನನಗೆ ಜಗಳವಿಲ್ಲ. ಆದರೆ ಸದ್ದು ಅಡಗುವುದು ಸಣ್ಣ ಸಂಗತಿಯೆಂದು ಆತನಿಗೆ ಹೇಳಿಕೊಟ್ಟವರಾರು?

ನಮ್ಮ ಸೋದರಮಾವ ಧಾರವಾಡದಲ್ಲಿ ಅಂಚೆ ಕಚೇರಿಯ ಕಾರಕೂನರಾಗಿದ್ದರು. ಅವರ ಮನೆಯಲ್ಲಿ ಮಿರಜಿನಿಂದ ತಂದ ಒಂದು ತಂಬೂರಿಯಿತ್ತು. ಪುಣೆಯಿಂದ ಊರಿಗೆ ಹೋಗುವಾಗ ಗಾಡಿ ಮಿರಜಿನಲ್ಲಿ ನಿಂತರೆ ನನಗೆ ಈಗಲೂ ಅದೇ ನೆನಪು. ಸಂಜೆ ಕಚೇರಿಯಿಂದ ಬಂದು, ಕೈಕಾಲು ತೊಳೆದು, ಚಾಪೆಯ ಮೇಲೆ ಕುಳಿತು ಮಾವ ಶ್ರುತಿ ಕೂಡಿಸಲು ತೊಡಗುವರು. ಬಿರಡೆ ತಿರುವುವರು, ಮಣಿ ಸರಿಸುವರು, ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲಿನೆಳೆಯನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಎಳೆಯುವರು. ಹೀಗೆ ಒಂದು ತಾಸು. ನಾವು ಹುಡುಗರು ಬಾಗಿಲಲ್ಲಿ ಕುಳಿತು, ಈಗ ಹಾಡುತ್ತಾರೆ, ಇನ್ನು ಹಾಡುತ್ತಾರೆ ಎಂದು ಕಾಯುತ್ತಿದ್ದೆವು. ಯಾವುದೋ ಒಂದು ಕ್ಷಣಕ್ಕೆ ನಾಲ್ಕು ತಂತಿಯೂ ಒಂದಾಗಿ, ಕೋಣೆಯೆಲ್ಲ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಮಾವ ಕಣ್ಣು ಮುಚ್ಚಿ, “ಹಾಂ, ಕೂಡಿತು” ಎನ್ನುವರು. ಐದು ನಿಮಿಷ ಮೀಟುತ್ತ ಕುಳಿತಿದ್ದು, ಗವಸು ಹಾಕಿ ಮೂಲೆಗಿಡುವರು. ಹಾಡುತ್ತಿರಲಿಲ್ಲ. ಕಂಠವಿರಲಿಲ್ಲ ಅವರಿಗೆ, ಅದು ಅವರಿಗೂ ಗೊತ್ತಿತ್ತು. ಓಣಿಯ ಮಂದಿ ನಗುತ್ತಿದ್ದರು. ಅತ್ತೆ ಎಂದೂ ನಗಲಿಲ್ಲ. ಆ ಒಂದು ತಾಸು ಮಾತ್ರ ಆಕೆ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡುತ್ತಿರಲಿಲ್ಲ. ಮಾವನ ಮುಖದಲ್ಲಿ ಆ ಕ್ಷಣ ಕಂಡದ್ದನ್ನು ನಾನು ಅವರ ಕಚೇರಿಯ ಮೇಜಿನ ಹಿಂದೆ ಒಂದು ದಿನವೂ ಕಾಣಲಿಲ್ಲ.

ಹೊಸ ತಂತಿ ಹಾಕಿದ ರಾಕೆಟ್ಟನ್ನು ಅಂಗೈಯ ಬುಡದಿಂದ ತಟ್ಟಿ ನೋಡಿರಿ. ಅದಕ್ಕೂ ಒಂದು ಸ್ವರವಿದೆ. ಬಿಗುವು ಏರಿದಂತೆ ಸ್ವರ ಏರುತ್ತದೆ. ದಿನ ಕಳೆದಂತೆ ಇಳಿಯುತ್ತದೆ. ಕೈಗೆ ತಿಳಿಯದ ಪೌಂಡು ಕಿವಿಗೆ ತಿಳಿಯುತ್ತದೆ.

ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷವಾಯಿತು. ಹಾದಿಯಲ್ಲಿ ಮರಾಠಿ, ಕಡತದಲ್ಲಿ ಇಂಗ್ಲಿಷು, ಮೇಲಿನಿಂದ ಇಳಿಯುವ ಸುತ್ತೋಲೆ ಹಿಂದಿ. ಕನ್ನಡವೆಂದರೆ ಮನೆಯ ಹೊಸ್ತಿಲೊಳಗೆ, ಇಲ್ಲವೆ ಸಂಘದ ಅಂಗಳದಲ್ಲಿ. ಕಚೇರಿಯಲ್ಲಿ ನಾನು ಬರೆದ ಕರಡು ಮೇಜಿನಿಂದ ಮೇಜಿಗೆ ಏರಿ, ಮೂರು ಬಣ್ಣದ ಶಾಯಿ ಬಳಿಸಿಕೊಂಡು ಇಳಿದು ಬರುವಾಗ ಅದರಲ್ಲಿ ನನ್ನದೆನ್ನುವ ಒಂದು ಅಲ್ಪವಿರಾಮವೂ ಉಳಿದಿರುವುದಿಲ್ಲ. ಅದರ ಬಗ್ಗೆ ದೂರಿಲ್ಲ, ಪದ್ಧತಿಯೇ ಹಾಗೆ. ಮನೆಗೆ ಬಂದರೆ ಗೋಡೆ ಮಾಲಿಕರದು. ಒಂದು ಮೊಳೆ ಹೊಡೆಯಬೇಕಾದರೂ ಅವರನ್ನು ಕೇಳಬೇಕು. ಮಾವನ ಭಾವಚಿತ್ರವನ್ನು ಕಪಾಟಿಗೆ ಒರಗಿಸಿಯೇ ಇಟ್ಟಿದ್ದೇವೆ. ಮಗಳ ಶಾಲೆ, ಊರಿಗೆ ಹೋಗುವ ದಿನ, ಗಾಡಿಯ ಟಿಕೇಟು, ರಜೆ, ಎಲ್ಲವೂ ಇನ್ನೊಬ್ಬರ ಸಹಿಗೆ ಕಾದಿರತಕ್ಕವು. ಆದರೆ ರಾತ್ರಿ ಹತ್ತು ಗಂಟೆಗೆ ಆ ಇಪ್ಪತ್ತೇಳು ಅಂಗುಲದ ವಸ್ತುವಿನ ಎಡಗೆನ್ನೆಯಿಂದ ಒಂದು ಗ್ರಾಂ ಸೀಸವನ್ನು ಕಿತ್ತು ಬಲಗೆನ್ನೆಗೆ ಹಚ್ಚಬೇಕೆಂದು ನಾನು ನಿರ್ಧರಿಸಿದರೆ ಯಾರ ಮಂಜೂರಾತಿಯೂ ಬೇಕಿಲ್ಲ. ಹಚ್ಚುತ್ತೇನೆ. ಬೆಳಗ್ಗೆ ಬೇಡವೆನಿಸಿದರೆ ಕೀಳುತ್ತೇನೆ. ಕಾರಣ ಬರೆದಿಡಬೇಕಾಗಿಲ್ಲ.

ನಮ್ಮಾಕೆಗೆ ಇದನ್ನು ಒಮ್ಮೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾದ್ರ ತಕ್ಕಡಿ ನಿಮಗs ಒಂದು ಬ್ಯಾರೆ ತಗೋರಿ. ಉಂಡಿಗೆ ಸೀಸ ಹತ್ತಬಾರದು” ಎಂದಳು. ಮುಂದಿನ ತಿಂಗಳ ಸಂಬಳದಲ್ಲಿ ಬಂತು. ಗಟಿಂಗಿನ ಖರ್ಚಿಗೆ ಮಾತ್ರ ಆಕೆ ಮೂರು ತಿಂಗಳಿಗೊಮ್ಮೆ ಎಂಬ ಕಟ್ಟು ಹಾಕಿದ್ದಾಳೆ. ನಮ್ಮ ಸಂಸಾರದ ಲೆಕ್ಕ ಬಲ್ಲವರು ಅದನ್ನು ಉದಾರವೆಂದೇ ಹೇಳಬೇಕು.

ಮಗಳಿಗೆ ಹನ್ನೊಂದು ವರ್ಷ. ಯಾರೋ ಕೊಟ್ಟ ಹಳೆಯ ಅಲ್ಯೂಮಿನಿಯಮಿನ ರಾಕೆಟ್ಟು ಹಿಡಿದು, ಕೋರ್ಟಿನ ಹಿಂದಿನ ಗೋಡೆಗೆ ಹೊಡೆಯುತ್ತಾಳೆ. ಹಿಡಿ ಸವೆದಿದೆ, ತಂತಿ ಯಾವ ಕಾಲದ್ದೋ. ನೂರು ಹೊಡೆತ ಎಣಿಸಿ, ತಪ್ಪಿದರೆ ಮತ್ತೆ ಒಂದರಿಂದ ಮೊದಲು ಮಾಡುತ್ತಾಳೆ. ಒಂದು ರಾತ್ರಿ ಅದರ ಹಿಡಿಗೆ ಹೊಸ ಪಟ್ಟಿ ಸುತ್ತೋಣವೆಂದು ಎತ್ತಿಕೊಂಡೆ. ಮಲಗಿದ್ದವಳು ಹೇಗೆ ತಿಳಿದಳೋ, ಎದ್ದು ಬಂದು, “ಅಪ್ಪಾ, ನಂದು ಮುಟ್ಟಬ್ಯಾಡ್ರಿ. ಅದು ಹಿಂಗ ಇರಲಿ” ಎಂದು ಕಸಿದುಕೊಂಡು, ತನ್ನ ಹಾಸಿಗೆಯ ಪಕ್ಕದಲ್ಲಿಟ್ಟು ಮಲಗಿದಳು. ನನಗೆ ಚುರುಕೆಂದಿತು, ಇಲ್ಲವೆನ್ನಲಾರೆ. ಆದರೆ ತನ್ನ ರಾಕೆಟ್ಟನ್ನು ಇನ್ನೊಬ್ಬರ ಕೈಗೆ ಕೊಡಲೊಲ್ಲದ ಸ್ವಭಾವ ಎಲ್ಲಿಂದ ಬಂದಿತೆಂಬುದನ್ನು ಯೋಚಿಸಿ ಸಮಾಧಾನಪಟ್ಟುಕೊಂಡೆ.

ಕಚೇರಿಯ ವಾರ್ಷಿಕ ಪಂದ್ಯದಲ್ಲಿ ಕಳೆದ ವರ್ಷ ನಾನು ಮೊದಲ ಸುತ್ತಿನಲ್ಲಿಯೇ ೬–೧, ೬–೧ರಿಂದ ಸೋತೆ. ಗೆದ್ದವರು ಲೆಕ್ಕಪತ್ರ ವಿಭಾಗದ ಒಬ್ಬರು; ಎರವಲು ರಾಕೆಟ್ಟಿನಿಂದ ಆಡಿದರು. ಅಂತಿಮ ಸುತ್ತಿನ ಹಿಂದಿನ ರಾತ್ರಿ ಅವರೇ ನಮ್ಮ ಮನೆ ಹುಡುಕಿಕೊಂಡು ಬಂದರು. ಹಿಡಿ ಬೆವರಿಗೆ ಜಾರುತ್ತದೆ, ಏಟು ಕೊಟ್ಟಾಗ ಅಂಗೈಯಲ್ಲಿ ತಿರುಗುತ್ತದೆ, ಏನಾದರೂ ಮಾಡಲು ಸಾಧ್ಯವೇ ಎಂದರು. ನಾನು ರಾಕೆಟ್ಟು ಕೈಗೆತ್ತಿಕೊಂಡು, ಅವರ ಅಂಗೈ ನೋಡಿ, ಹಳೆಯ ಪಟ್ಟಿ ಬಿಚ್ಚಿ, ಒಳಗೆ ಒಂದು ತೆಳು ಸುತ್ತು ಹಾಕಿ ದಪ್ಪಗೊಳಿಸಿ, ಮೇಲೆ ಹೊಸದು ಸುತ್ತಿದೆ. ಎರಡು ಕೆನ್ನೆಗೂ ಎರಡೆರಡು ಗ್ರಾಂ ಸೀಸ ಹಚ್ಚಿದೆ. ನಮ್ಮಾಕೆ ಕೇಳದೆಯೇ ಚಹಾ ತಂದಿಟ್ಟಳು. ಅವರು ಎದ್ದು ನಿಂತು ರಾಕೆಟ್ಟನ್ನು ಗಾಳಿಯಲ್ಲಿ ಎರಡು ಸಲ ಬೀಸಿ—ಮಾಲಿಕರ ದೀಪ ಕೂದಲೆಳೆಯಷ್ಟರಲ್ಲಿ ಉಳಿಯಿತು—ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಗೆದ್ದರು. ಸೀಸದಿಂದ ಗೆದ್ದರೆಂದು ನಾನು ಹೇಳುವುದಿಲ್ಲ. ಅವರ ಬ್ಯಾಕ್‌ಹ್ಯಾಂಡೇ ಹಾಗಿದೆ. ಆದರೆ ಆ ಸೀಸವನ್ನು ಅವರು ಇನ್ನೂ ತೆಗೆದಿಲ್ಲ. ನಾನು ಹೋದಾಗಲೆಲ್ಲ ನೋಡುತ್ತೇನೆ.

ಈಗ ಮಳೆಗಾಲ. ಕೋರ್ಟಿನಲ್ಲಿ ನೀರು ನಿಂತಿದೆ. ಸೆಪ್ಟೆಂಬರು ಮುಗಿಯುವವರೆಗೆ ಆಟವಿಲ್ಲ. ಉಳಿದವರೆಲ್ಲ ಆಕಾಶ ನೋಡಿ ನಿಟ್ಟುಸಿರು ಬಿಡುತ್ತಾರೆ. ನನಗೆ ಇದು ಸುಗ್ಗಿ. ಮೂರು ತಿಂಗಳ ಕಟ್ಟು ನಿನ್ನೆಗೆ ಮುಗಿಯಿತು. ಬಾಗಿಲ ಮರೆಯ ರಾಕೆಟ್ಟಿನ ಸ್ವರ ಬಹಳ ಇಳಿದಿದೆ. ಈ ಸಲ ಉದ್ದ ತಂತಿಗೆ ಐವತ್ತು, ಅಡ್ಡ ತಂತಿಗೆ ನಲವತ್ತೆಂಟು ಎಂದು ಗೊತ್ತು ಮಾಡಿದ್ದೇನೆ. ಅಂಗಡಿಗೆ ಒಯ್ಯುವ ಮೊದಲು ಹಳೆಯ ತಂತಿಯನ್ನು ನಾನೇ ಕತ್ತರಿಸುವುದು ವಾಡಿಕೆ. ನಟ್ಟನಡುವಿನಿಂದ ತೊಡಗಿ, ಎರಡೂ ಕಡೆಗೆ ಸಮವಾಗಿ ಹೊರಕ್ಕೆ ಹೋಗಬೇಕು. ಒಂದು ಅಂಚಿನಿಂದ ಕತ್ತರಿಸಿದರೆ ಚೌಕಟ್ಟಿನ ಮೇಲೆ ಎಳೆತ ಒಂದೇ ಕಡೆಗೆ ಉಳಿದು ಅದು ಸೊಟ್ಟಾಗುವ ಭಯ. ಒಳಗಿನಿಂದ ಮಗಳ ದನಿ ಕೇಳುತ್ತಿದೆ: ಶಾಲೆಯ ನಕಾಶೆ ಕತ್ತರಿಸಬೇಕಂತೆ, ಕತ್ತರಿ ಎಲ್ಲಿ ಹೋಯಿತೆಂದು ತಾಯಿಯನ್ನು ಕೇಳುತ್ತಿದ್ದಾಳೆ. ತಾಯಿ ಉತ್ತರ ಕೊಡದೆ ನನ್ನ ಕಡೆ ಬರುತ್ತಿದ್ದಾಳೆ.